ಬೇಸ್‌ಬಾಲ್‌ಗೆ ಮೈದಾನ, ಫುಟ್‌ಬಾಲ್‌ಗೆ ಟಿ.ವಿ.

ಪ್ರಶ್ನೆ: ನಾನು ಮೈಸೂರಿನವನು, ಬ್ಯಾಂಕಿನಿಂದ ನಿವೃತ್ತನಾಗಿದ್ದೇನೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರುವ ಮಗಳ ಮನೆಗೆ ನಾನೂ ನನ್ನ ಪತ್ನಿಯೂ ಆರು ತಿಂಗಳ ಮಟ್ಟಿಗೆ ಬಂದಿದ್ದೇವೆ. ಸೆಪ್ಟೆಂಬರಿನಲ್ಲಿ ಒಂದು ಪಂದ್ಯಕ್ಕೆ ಕರೆದುಕೊಂಡು ಹೋಗುತ್ತೇನೆ, ಬೇಸ್‌ಬಾಲೋ ಅಮೆರಿಕನ್ ಫುಟ್‌ಬಾಲೋ ನೀವೇ ಆರಿಸಿ ಎಂದು ಅಳಿಯ ಹೇಳುತ್ತಿದ್ದಾರೆ. ಐವತ್ತು ವರ್ಷ ಕ್ರಿಕೆಟ್ ನೋಡಿದವನು ನಾನು. ಪತ್ನಿಗೆ ಆಟಗಳಲ್ಲಿ ಅಷ್ಟು ಆಸಕ್ತಿಯಿಲ್ಲ. ಎರಡನ್ನೂ ಟಿ.ವಿ.ಯಲ್ಲಿ ನೋಡಿದೆ. ಬೇಸ್‌ಬಾಲ್‌ನಲ್ಲಿ ಏನೂ ನಡೆಯುವುದೇ ಇಲ್ಲ ಅನ್ನಿಸುತ್ತದೆ. ಫುಟ್‌ಬಾಲ್‌ನಲ್ಲಿ ಏನು ನಡೆಯಿತೆಂಬುದೇ ತಿಳಿಯುವುದಿಲ್ಲ. ನೋಡಲು ಯಾವುದು ಒಳ್ಳೆಯದು?

ಉತ್ತರ: ಒಂದೇ ಪಂದ್ಯಕ್ಕೆ ಹೋಗುವುದಾದರೆ ಬೇಸ್‌ಬಾಲ್‌ಗೆ ಹೋಗಿ. ಫುಟ್‌ಬಾಲನ್ನು ಅಳಿಯನ ಪಕ್ಕದಲ್ಲಿ ಕುಳಿತು ಮನೆಯಲ್ಲೇ ನೋಡಿ. ಒಂದು ದೊಡ್ಡ ಆಟ, ಇನ್ನೊಂದು ಸಣ್ಣದು ಎಂದು ಹೀಗೆ ಹೇಳುತ್ತಿಲ್ಲ. ಇಪ್ಪತ್ತು ವರ್ಷಗಳಿಗೂ ಮೇಲೆ ಎರಡನ್ನೂ ಮೈದಾನದಲ್ಲೂ ಟಿ.ವಿ.ಯಲ್ಲೂ ನೋಡಿ, ಎರಡರ ಬಗ್ಗೆಯೂ ಬರೆದು, ನಿಧಾನವಾಗಿ ಬಂದು ಸೇರಿದ ತೀರ್ಮಾನ ಇದು. ಅದಕ್ಕೆ ಬೇಕಾದ ಕಾರಣ ನಿಮ್ಮ ಪತ್ರದಲ್ಲೇ ಇದೆ. ಒಂದರಲ್ಲಿ ಏನೂ ನಡೆಯುವುದಿಲ್ಲ, ಇನ್ನೊಂದರಲ್ಲಿ ಏನು ನಡೆಯಿತೆಂದು ತಿಳಿಯುವುದಿಲ್ಲ ಎಂದಿದ್ದೀರಿ. ಎರಡೂ ದೂರುಗಳು ನ್ಯಾಯವಾದವೇ. ಆದರೆ ಮೊದಲನೆಯದು ಟಿ.ವಿ.ಯಿಂದ ಹುಟ್ಟಿದ ದೂರು, ಎರಡನೆಯದು ಟಿ.ವಿ.ಯೇ ಪರಿಹರಿಸಬಲ್ಲ ದೂರು.

ಮೊದಲು ಒಂದು ಲೆಕ್ಕ ನೋಡಿ. ಅಮೆರಿಕದ ಒಂದು ದಿನಪತ್ರಿಕೆ 2010ರಲ್ಲಿ ಗಡಿಯಾರ ಹಿಡಿದು ಅಳೆದಾಗ, ಮೂರು ಗಂಟೆಯ ಫುಟ್‌ಬಾಲ್ ಪ್ರಸಾರದಲ್ಲಿ ಚೆಂಡು ನಿಜವಾಗಿ ಆಟದಲ್ಲಿದ್ದದ್ದು ಸುಮಾರು 11 ನಿಮಿಷ. ಮೂರು ವರ್ಷದ ನಂತರ ಅದೇ ಪತ್ರಿಕೆ ಬೇಸ್‌ಬಾಲನ್ನೂ ಅಳೆಯಿತು. ಅಲ್ಲಿ ಸಿಕ್ಕಿದ್ದು ಸುಮಾರು 18 ನಿಮಿಷ. ಏನೂ ನಡೆಯುವುದಿಲ್ಲ ಎಂದು ನಿಮಗೆ ಅನ್ನಿಸಿದ ಆಟದಲ್ಲೇ ಹೆಚ್ಚು ಹೊತ್ತು ಆಟ ನಡೆದಿತ್ತು. ಹಾಗೆ ನೋಡಿದರೆ ಎರಡೂ ಕಾಯುವ ಆಟಗಳೇ. ಐದು ದಿನದ ಟೆಸ್ಟ್ ನೋಡಿದ ನಿಮಗೆ ಕಾಯುವುದು ಹೊಸದಲ್ಲ. ಆ ಕಾಯುವ ಹೊತ್ತಿನಲ್ಲಿ ನೋಡುವವನ ಕೈಗೆ ಆಟ ಏನು ಕೊಡುತ್ತದೆ ಎನ್ನುವುದರಲ್ಲಿ ಇವೆರಡೂ ಬೇರೆಯಾಗುತ್ತವೆ.

ಬೇಸ್‌ಬಾಲ್ ಎಲ್ಲವನ್ನೂ ಮುಂಚೆಯೇ ಕಣ್ಣೆದುರು ಹರಡಿಬಿಡುತ್ತದೆ. ಒಂದು ಸನ್ನಿವೇಶವನ್ನು ಹತ್ತಿರದಿಂದ ತೋರಿಸುತ್ತೇನೆ. ಒಂಬತ್ತು ಇನ್ನಿಂಗ್ಸ್‌ಗಳ ಪಂದ್ಯದಲ್ಲಿ ಇದು ಆರನೆಯದು ಎಂದುಕೊಳ್ಳಿ. ಒಂದು ಇನ್ನಿಂಗ್ಸ್‌ನಲ್ಲಿ ಒಂದು ತಂಡಕ್ಕೆ ಮೂರು ಔಟ್; ಎರಡು ಆಗಲೇ ಬಿದ್ದಿವೆ. ಮೊದಲನೆಯ ಬೇಸ್‌ನಲ್ಲಿ ಒಬ್ಬ ಓಟಗಾರ ನಿಂತಿದ್ದಾನೆ. ಮೂರು ಬೇಸ್‌ಗಳನ್ನು ದಾಟಿ, ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟಿಗೆ ಮರಳಿದರೆ ಒಂದು ರನ್. ಬ್ಯಾಟರ್‌ನ ಲೆಕ್ಕ ಮೂರು ಬಾಲ್, ಎರಡು ಸ್ಟ್ರೈಕ್. ಮೊಣಕಾಲಿನಿಂದ ಎದೆಯ ಮಟ್ಟದವರೆಗೆ, ಪ್ಲೇಟಿನ ಅಗಲದೊಳಗೆ ಬಂದ ಎಸೆತವನ್ನು ಬಿಟ್ಟರೆ, ಅಥವಾ ಯಾವುದೇ ಎಸೆತಕ್ಕೆ ಬೀಸಿ ತಾಗಿಸದಿದ್ದರೆ ಅದು ಸ್ಟ್ರೈಕ್, ಮೂರಾದರೆ ಔಟ್. ಆ ಚೌಕಟ್ಟಿನ ಹೊರಗೆ ಹೋದದ್ದನ್ನು ಬ್ಯಾಟರ್ ಬೀಸದೆ ಬಿಟ್ಟರೆ ಅದು ಬಾಲ್. ನಾಲ್ಕಾದರೆ ಅವನು ಪುಕ್ಕಟೆಯಾಗಿ ಮೊದಲನೆಯ ಬೇಸ್‌ಗೆ ನಡೆದುಹೋಗುತ್ತಾನೆ. ಅಂದರೆ ಇನ್ನು ಚೆಂಡು ಎಸೆಯುವ ಪಿಚರ್ ತಪ್ಪು ಎಸೆಯುವಂತಿಲ್ಲ, ಬ್ಯಾಟರ್ ಒಳ್ಳೆಯ ಚೆಂಡನ್ನು ಬಿಡುವಂತಿಲ್ಲ. ಇಬ್ಬರ ಬೆನ್ನೂ ಗೋಡೆಗೆ ತಾಗಿದೆ.

ಈಗ ಮೊದಲನೆಯ ಬೇಸ್‌ನ ಓಟಗಾರನನ್ನು ನೋಡಿ. ಮೂರನೆಯ ಸ್ಟ್ರೈಕ್ ಬಿದ್ದರೆ ಇನ್ನಿಂಗ್ಸೇ ಮುಗಿಯಿತು, ಅವನು ಕಳೆದುಕೊಳ್ಳುವುದೇನೂ ಇಲ್ಲ. ನಾಲ್ಕನೆಯ ಬಾಲ್ ಆದರೆ ಎರಡನೆಯ ಬೇಸ್ ಹೇಗೂ ಅವನದೇ. ಹೊಡೆತ ಬಿದ್ದರೆ ಓಡಲೇಬೇಕು. ಹಾಗಾಗಿ ಪಿಚರ್ ಕಾಲೆತ್ತಿದ ಕ್ಷಣವೇ ಅವನು ಓಡಲು ಶುರುಮಾಡುತ್ತಾನೆ. ಅವನು ಓಡುತ್ತಾನೆಂದು ಮೈದಾನದಲ್ಲಿರುವ ಎಲ್ಲರಿಗೂ ಗೊತ್ತು. ಔಟ್‌ಫೀಲ್ಡರ್‌ಗಳು ಅದಕ್ಕೆ ತಕ್ಕಂತೆ ನಿಂತಿದ್ದಾರೆ, ಮೂರನೆಯ ಬೇಸ್ ಪಕ್ಕದಲ್ಲಿರುವ ತರಬೇತುದಾರ ಕೈ ಬೀಸಿ ಅವನನ್ನು ಹೋಮ್ ಪ್ಲೇಟಿನವರೆಗೂ ಓಡಿಸಲು ತಯಾರಾಗಿ ಎರಡು ಹೆಜ್ಜೆ ಮುಂದೆ ಬಂದಿದ್ದಾನೆ. ಚೆಂಡು ಇನ್ನೂ ಪಿಚರ್‌ನ ಕೈಯಲ್ಲೇ ಇದೆ. ನಿಮ್ಮ ಪ್ರಕಾರ ಏನೂ ನಡೆಯುತ್ತಿಲ್ಲ. ಚಂದ್ರಶೇಖರ್ ಓಡಿಬರುವಾಗ ಫಾರ್ವರ್ಡ್ ಶಾರ್ಟ್‌ಲೆಗ್‌ನಲ್ಲಿ ಏಕನಾಥ್ ಸೋಲ್ಕರ್ ಬಾಗಿ ನಿಂತಿರುತ್ತಿದ್ದರಲ್ಲ, ಆ ಮೂರು ಸೆಕೆಂಡಿನಲ್ಲೂ ಏನೂ ನಡೆಯುತ್ತಿರಲಿಲ್ಲ. ಆದರೂ ನೀವು ಉಸಿರು ಬಿಗಿಹಿಡಿದಿರುತ್ತಿದ್ದಿರಿ. ಇದೂ ಅದೇ.

ಟಿ.ವಿ.ಯಲ್ಲಿ ಇದು ಏಕೆ ಕಾಣುವುದಿಲ್ಲ? ಕ್ಯಾಮೆರಾ ಮೈದಾನದ ಆ ತುದಿಯಲ್ಲಿ, ಸೆಂಟರ್‌ಫೀಲ್ಡ್‌ನ ಹಿಂದೆ ಇರುತ್ತದೆ. ಅದರ ಕಣ್ಣಿಗೆ ಬೀಳುವುದು ನಾಲ್ಕೇ ಜನ: ಪಿಚರ್‌ನ ಬೆನ್ನು, ಬ್ಯಾಟರ್, ಕ್ಯಾಚರ್, ಅಂಪೈರ್. ಎಸೆತದ ತಿರುವು ನೋಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ, ಒಪ್ಪುತ್ತೇನೆ. ಆದರೆ ಓಟಗಾರ ಚೌಕಟ್ಟಿನ ಹೊರಗೆ, ಫೀಲ್ಡರ್‌ಗಳು ಹೊರಗೆ, ತರಬೇತುದಾರ ಹೊರಗೆ. ಕಾಯುವಿಕೆಯಲ್ಲಿದ್ದ ರಸವನ್ನೆಲ್ಲ ಸೋಸಿ, ಬರೀ ಕಾಯುವಿಕೆಯನ್ನು ನಿಮ್ಮ ಮನೆಗೆ ಕಳುಹಿಸಿದಂತಾಯಿತು. ಬಲ-ಮಧ್ಯದ ಆಳಕ್ಕೆ ಚೆಂಡು ಬಿತ್ತು ಎನ್ನಿ. ಮೈದಾನದಲ್ಲಿ ಕುಳಿತವರಿಗೆ ಮೂರು ಓಟಗಳು ಒಟ್ಟಿಗೆ ಕಾಣುತ್ತವೆ. ಗೋಡೆಯತ್ತ ಓಡುವ ಫೀಲ್ಡರ್, ಹೋಮ್ ಪ್ಲೇಟಿನತ್ತ ಬರುವ ಓಟಗಾರ, ನಡುವೆ ಬಂದು ನಿಂತು ಎಸೆತವನ್ನು ದಾಟಿಸಲು ಕೈಚಾಚಿದ ಇನ್ನೊಬ್ಬ ಫೀಲ್ಡರ್. ಮೂರೂ ಒಂದೇ ಬಿಂದುವಿನಲ್ಲಿ, ಹೋಮ್ ಪ್ಲೇಟಿನಲ್ಲಿ ಕೂಡುತ್ತವೆ. ಕ್ಯಾಮೆರಾ ಇವನ್ನು ಒಂದಾದ ಮೇಲೊಂದು ತೋರಿಸಬಲ್ಲದು ಅಷ್ಟೇ. ಒಟ್ಟಿಗೆ ಹಿಡಿಯುವ ಶಕ್ತಿ ನಿಮ್ಮ ಎರಡು ಕಣ್ಣುಗಳಿಗಿದೆ.

ಇದೇ ಕಾರಣಕ್ಕೆ ಬೇಸ್‌ಬಾಲ್ ರೇಡಿಯೊದಲ್ಲಿ ಟಿ.ವಿ.ಗಿಂತ ಚೆನ್ನಾಗಿ ಕೇಳುತ್ತದೆ ಎನ್ನುವುದು ನನ್ನ ಬಲವಾದ ನಂಬಿಕೆ. 1921ರ ಆಗಸ್ಟ್‌ನಲ್ಲಿ ಪಿಟ್ಸ್‌ಬರ್ಗ್‌ನ ಕೇಂದ್ರವೊಂದು ಮೊದಲ ಪಂದ್ಯವನ್ನು ಬಿತ್ತರಿಸಿತು. ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಕಾಮೆಂಟರಿ ಹೇಳಿದ ವಿನ್ ಸ್ಕಲ್ಲಿ 1950ರಿಂದ 2016ರವರೆಗೆ, ಒಟ್ಟು 67 ಋತುಗಳು ಮೈಕ್ ಹಿಡಿದರು. ಎಸೆತಗಳ ನಡುವೆ ಬಿಡುವು ಇರುವುದರಿಂದಲೇ ಆಟದ ಜೊತೆಗೆ ಕಥೆಯೂ ಸಾಗುತ್ತದೆ. ಟ್ರಾನ್ಸಿಸ್ಟರನ್ನು ಕಿವಿಗೆ ಹಿಡಿದು ಟೆಸ್ಟ್ ಕೇಳಿದ ತಲೆಮಾರಿನ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ಫುಟ್‌ಬಾಲ್. ಇಲ್ಲಿ ಕಾಯುವ ಹೊತ್ತು ಗುಟ್ಟಿನ ಹೊತ್ತು. ಹತ್ತು ಗಜ ಮುಂದೆ ಸಾಗಲು ಒಂದು ತಂಡಕ್ಕೆ ನಾಲ್ಕು ಯತ್ನ, ಅದು ನಿಮಗೆ ಗೊತ್ತಾಗಿರಬೇಕು. ಪ್ರತಿ ಯತ್ನಕ್ಕೂ ಮುಂಚೆ ಅಂಚಿನಲ್ಲಿ ನಿಂತ ತರಬೇತುದಾರ ಬಾಯಿಗೆ ಹಾಳೆ ಅಡ್ಡ ಹಿಡಿದು ಯೋಜನೆ ಹೇಳುತ್ತಾನೆ. ದಾಳಿ ನಡೆಸುವ ಆಟಗಾರನಾದ ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್ಟಿನೊಳಗೆ ರೇಡಿಯೊ ಇದೆ. 1994ರಿಂದ ಅದಕ್ಕೆ ಅನುಮತಿಯಿದೆ. ಯತ್ನ ಶುರುಮಾಡಲು ಹದಿನೈದು ಸೆಕೆಂಡು ಉಳಿದಾಗ ಆ ರೇಡಿಯೊ ತಾನಾಗಿ ನಿಂತುಹೋಗುತ್ತದೆ. ಹನ್ನೊಂದು ಜನ ತಲೆ ತಲೆ ಸೇರಿಸಿ ಪಿಸುಗುಟ್ಟುತ್ತಾರೆ. ಎದುರಿನ ಹನ್ನೊಂದು ಜನ ತಾವು ಎಲ್ಲಿಂದ ನುಗ್ಗುತ್ತೇವೆಂಬುದನ್ನು ಮರೆಮಾಚಿ ನಿಲ್ಲುತ್ತಾರೆ. ಚೆಂಡು ಕೈಗೆ ಬಂದ ಮೇಲೂ ಕ್ವಾರ್ಟರ್‌ಬ್ಯಾಕ್ ಅದನ್ನು ಪಕ್ಕದವನಿಗೆ ಕೊಟ್ಟಂತೆ ಮಾಡಿ ತನ್ನ ತೊಡೆಯ ಹಿಂದೆ ಅಡಗಿಸಿಕೊಳ್ಳುತ್ತಾನೆ. ಇಡೀ ಆಟ ಕಟ್ಟಿರುವುದೇ ಎದುರಾಳಿಯ ಕಣ್ಣು ತಪ್ಪಿಸಲು. ಎದುರಾಳಿಯ ಕಣ್ಣು ತಪ್ಪಿಸುವಾಗ ಗ್ಯಾಲರಿಯಲ್ಲಿ ಕುಳಿತ ನಮ್ಮ ಕಣ್ಣೂ ತಪ್ಪಿಹೋಗುತ್ತದೆ.

ಆಮೇಲೆ ನಾಲ್ಕೈದು ಸೆಕೆಂಡು ಇಪ್ಪತ್ತೆರಡು ಜನ ಒಟ್ಟಿಗೆ ಸಿಡಿಯುತ್ತಾರೆ. ನಮ್ಮ ಕಬಡ್ಡಿಯಲ್ಲಿ ದಾಳಿಗೆ ಹೋದವನು ಒಬ್ಬನೇ, ಊರಿನ ಕಣ್ಣೆಲ್ಲ ಅವನ ಮೇಲೇ ಇರುತ್ತದೆ. ಇಲ್ಲಿ ಒಂದೇ ಉಸಿರಿನಲ್ಲಿ ಏಳೆಂಟು ಕುಸ್ತಿ, ನಾಲ್ಕು ಓಟದ ಪಂದ್ಯ. ಯಾವುದು ಮುಖ್ಯವಾಗಿತ್ತು ಎನ್ನುವುದು ಮುಗಿದ ಮೇಲೆ ಮಾತ್ರ ತಿಳಿಯುತ್ತದೆ. ಎಡಗಡೆಯ ಕಾವಲುಗಾರ ಅರ್ಧ ಹೆಜ್ಜೆ ತಡಮಾಡಿದ್ದರಿಂದ ಮೂವತ್ತು ಗಜ ದೂರದಲ್ಲಿ ಎಸೆತ ತಪ್ಪಿತು ಎಂಬಂಥ ವಿಷಯ ಬರಿಗಣ್ಣಿಗೆ ಮೊದಲ ಸಲ ಕಾಣುವುದೇ ಇಲ್ಲ. ಮತ್ತೆ ತೋರಿಸಬೇಕು, ನಿಧಾನವಾಗಿ ತೋರಿಸಬೇಕು, ತಿಳಿದವರೊಬ್ಬರು ಬೆರಳಿಟ್ಟು ತೋರಿಸಬೇಕು.

ಈ ಕೆಲಸಗಳನ್ನೆಲ್ಲ ಮಾಡಲೆಂದೇ ಹುಟ್ಟಿದಂತಿದೆ ಟಿ.ವಿ. ಮೈದಾನದಲ್ಲಿ ನಡೆದದ್ದನ್ನು ಆಗಿಂದಾಗಲೇ ಮರುಪ್ರಸಾರ ಮಾಡುವ ತಂತ್ರ ಮೊದಲು ಕಾಣಿಸಿಕೊಂಡದ್ದು 1963ರ ಡಿಸೆಂಬರ್ 7ರಂದು, ಸೇನೆ ಮತ್ತು ನೌಕಾಪಡೆಯ ಅಕಾಡೆಮಿಗಳ ನಡುವಣ ಫುಟ್‌ಬಾಲ್ ಪಂದ್ಯದಲ್ಲಿ. ಟೋನಿ ವೆರ್ನಾ ಎಂಬ ನಿರ್ದೇಶಕರು ಅದನ್ನು ಮಾಡಿಸಿದಾಗ, ಸೇನೆಯ ತಂಡ ಎರಡನೆಯ ಸಲ ಅಂಕ ಗಳಿಸಿಲ್ಲ, ಹಿಂದಿನದನ್ನೇ ಮತ್ತೆ ತೋರಿಸುತ್ತಿದ್ದೇವೆ ಎಂದು ಕಾಮೆಂಟರಿಯವರು ಜನರಿಗೆ ಬಿಡಿಸಿ ಹೇಳಬೇಕಾಯಿತು. ಅದಕ್ಕೂ ಮುಂಚೆ, 1958ರ ಡಿಸೆಂಬರ್ 28ರಂದು ನ್ಯೂಯಾರ್ಕಿನಲ್ಲಿ ಬಾಲ್ಟಿಮೋರ್ ಕೋಲ್ಟ್ಸ್ ತಂಡ ಹೆಚ್ಚುವರಿ ಅವಧಿಯಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡವನ್ನು 23-17ರಿಂದ ಸೋಲಿಸಿದ ಫೈನಲ್ ಅನ್ನು ದೇಶವೆಲ್ಲ ಮನೆಯಲ್ಲೇ ನೋಡಿ ಈ ಆಟಕ್ಕೆ ಒಲಿದಿತ್ತು. 1961ರಲ್ಲಿ ಬಂದ ಕಾನೂನೊಂದು ತಂಡಗಳೆಲ್ಲ ಸೇರಿ ಪ್ರಸಾರದ ಹಕ್ಕನ್ನು ಒಟ್ಟಿಗೆ ಮಾರಲು ದಾರಿಮಾಡಿತು; ಸಣ್ಣ ಊರಿನ ಗ್ರೀನ್ ಬೇ ತಂಡಕ್ಕೂ ನ್ಯೂಯಾರ್ಕಿನಷ್ಟೇ ಪಾಲು. 1970ರಿಂದ ಸೋಮವಾರ ರಾತ್ರಿಯೂ ಆಟ ಬಂತು. 1998ರಲ್ಲಿ ಪರದೆಯ ಮೇಲೆ ಆ ಹಳದಿ ಗೆರೆ ಮೂಡಿತು. ಹತ್ತು ಗಜದ ಗುರಿ ಎಲ್ಲಿದೆ ಎಂದು ತೋರಿಸುವ ಆ ಗೆರೆಯನ್ನು ನೀವೂ ನೋಡಿದ್ದೀರಿ. ಮೈದಾನಕ್ಕೆ ಹೋದರೆ ಅದು ಹುಲ್ಲಿನ ಮೇಲೆ ಇರುವುದಿಲ್ಲ; ಅಂಚಿನಲ್ಲಿ ಕಿತ್ತಳೆ ಬಣ್ಣದ ಕೋಲು ಹಿಡಿದು ನಿಂತವರನ್ನು ನೋಡಿ ನೀವೇ ಮನಸ್ಸಿನಲ್ಲಿ ಗೆರೆ ಎಳೆದುಕೊಳ್ಳಬೇಕು. ಮೊದಲ ಸಲ ಹೋದವರಿಗೆ ಇದು ನಿಜವಾದ ಕಷ್ಟ.

ಇನ್ನೊಂದು ಕಷ್ಟವೂ ಇದೆ. ಜಾಹೀರಾತಿಗೆಂದು ಆಟ ನಿಂತಾಗ ಮನೆಯಲ್ಲಿರುವವರು ಎದ್ದು ಹೋಗಿ ಕಾಫಿ ಬೆರೆಸಿಕೊಳ್ಳುತ್ತಾರೆ. ಮೈದಾನದಲ್ಲಿರುವವರು ಸುಮ್ಮನೆ ನಿಂತ ಆಟಗಾರರನ್ನು ನೋಡುತ್ತಾ ಕೂರಬೇಕು. ಟಿ.ವಿ.ಯವರ ಪ್ರತಿನಿಧಿಯೊಬ್ಬ ಗೆರೆಯೊಳಗೆ ಬಂದು ನಿಲ್ಲುತ್ತಾನೆ. ಅವನು ಹಿಂದೆ ಸರಿಯುವವರೆಗೆ ಎಪ್ಪತ್ತು ಸಾವಿರ ಜನವೂ ಕಾಯಬೇಕು. ಡಿಸೆಂಬರಿನ ಚಳಿಯಲ್ಲಿ ಹಾಗೆ ಕಾದು ಕಾಲು ಮರಗಟ್ಟಿದ ದಿನಗಳು ನನಗೆ ಚೆನ್ನಾಗಿ ನೆನಪಿವೆ.

ಅಮೆರಿಕದ ಪ್ರೇಕ್ಷಕರೂ ಇದನ್ನು ಕಾಲಿನಿಂದಲೂ ಕಣ್ಣಿನಿಂದಲೂ ಒಪ್ಪಿದ್ದಾರೆ. ಮೇಜರ್ ಲೀಗ್ ಬೇಸ್‌ಬಾಲ್ ಪಂದ್ಯಗಳಿಗೆ 2023ರಲ್ಲಿ ಮೈದಾನಕ್ಕೆ ಬಂದವರು 7 ಕೋಟಿಗೂ ಹೆಚ್ಚು. ರಾಷ್ಟ್ರೀಯ ಫುಟ್‌ಬಾಲ್ ಲೀಗಿನ ಮೈದಾನಗಳಿಗೆ ಒಂದು ಋತುವಿನಲ್ಲಿ ಬರುವವರು 2 ಕೋಟಿಯನ್ನು ಮುಟ್ಟುವುದಿಲ್ಲ. ಟಿ.ವಿ.ಯ ಮುಂದೆ ಲೆಕ್ಕ ತಿರುಗುಮುರುಗು: ಫುಟ್‌ಬಾಲ್ ಲೀಗಿನ ಫೈನಲ್ ಆದ ಸೂಪರ್ ಬೌಲ್ ಅನ್ನು 2024ರಲ್ಲಿ 12 ಕೋಟಿಗೂ ಹೆಚ್ಚು ಜನ ನೋಡಿದರು, ಅದೇ ವರ್ಷದ ಬೇಸ್‌ಬಾಲ್ ವಿಶ್ವ ಸರಣಿಯ, ಅಂದರೆ ಫೈನಲ್ ಸರಣಿಯ, ಪಂದ್ಯಗಳಿಗೆ ಅಮೆರಿಕದಲ್ಲಿ ಸಿಕ್ಕಿದ್ದು ಸರಾಸರಿ ಒಂದೂವರೆ ಕೋಟಿ. ಒಂದು ಪಂದ್ಯಕ್ಕೆ ಎಷ್ಟು ಜನ ಎಂದು ನೋಡಿದರೆ ಫುಟ್‌ಬಾಲೇ ಮುಂದು, ನಿಜ. ಆದರೆ ಅಲ್ಲಿ ಒಂದು ತಂಡಕ್ಕೆ ಋತುವಿಗೆ 17 ಪಂದ್ಯ, ತವರಿನಲ್ಲಿ ಎಂಟೋ ಒಂಬತ್ತೋ ಮಾತ್ರ. ಬೇಸ್‌ಬಾಲ್‌ನಲ್ಲಿ 162 ಪಂದ್ಯ, ತವರಿನಲ್ಲೇ 81.

ಈ ಸಂಖ್ಯೆಗಳಿಂದ ಗ್ಯಾಲರಿಯ ಮನಸ್ಸೇ ಬೇರೆಯಾಗುತ್ತದೆ. ಫುಟ್‌ಬಾಲ್‌ನ ಒಂದು ಸೋಲು ಬೇಸ್‌ಬಾಲ್‌ನ ಒಂಬತ್ತು ಹತ್ತು ಸೋಲಿಗೆ ಸಮ. ವಾರವಿಡೀ ಕಾದು, ಬೆಳಿಗ್ಗೆಯಿಂದ ವಾಹನ ನಿಲ್ಲಿಸುವ ಬಯಲಿನಲ್ಲೇ ಒಲೆ ಹಚ್ಚಿ ಅಡುಗೆ ಮಾಡಿ, ತಂಡದ ಅಂಗಿ ತೊಟ್ಟು ಬಂದ ಜನ ಅವರು. ಜಾತ್ರೆಯ ತೇರಿನ ದಿನದ ಆವೇಶ ಅದು. ಬೇಸ್‌ಬಾಲ್ ದಿನನಿತ್ಯದ್ದು. ಅತ್ಯುತ್ತಮ ತಂಡವೂ ವರ್ಷಕ್ಕೆ ಐವತ್ತು ಅರವತ್ತು ಪಂದ್ಯ ಸೋಲುತ್ತದೆ, ಹತ್ತು ಸಲದಲ್ಲಿ ಏಳು ಸಲ ವಿಫಲನಾಗುವ ಬ್ಯಾಟರ್‌ನನ್ನು ಇಲ್ಲಿ ಒಳ್ಳೆಯ ಬ್ಯಾಟರ್ ಎನ್ನುತ್ತಾರೆ. ಇಂದು ಸೋತರೆ ನಾಳೆ ಸಂಜೆ ಮತ್ತೆ ಆಟವಿದೆ. ಆದ್ದರಿಂದ ಜನ ಪಕ್ಕದವರೊಡನೆ ಮಾತನಾಡುತ್ತಾರೆ, ಎದ್ದು ಓಡಾಡುತ್ತಾರೆ, ಏಳನೆಯ ಇನ್ನಿಂಗ್ಸಿನ ನಡುವೆ ಎಲ್ಲರೂ ಎದ್ದು ನಿಂತು ಮೈಮುರಿದು ಒಂದು ಹಳೆಯ ಹಾಡು ಹಾಡುತ್ತಾರೆ. ನಿಮ್ಮ ಪತ್ನಿಗೆ ಆಟದಲ್ಲಿ ಆಸಕ್ತಿಯಿಲ್ಲ ಎಂದಿರಿ. ಇಲ್ಲಿ ಅವರು ಮಗಳೊಡನೆ ಮೂರು ಗಂಟೆ ಹರಟೆ ಹೊಡೆಯಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ಬಯಲಾಟಕ್ಕೆ ಹೋದವರೆಲ್ಲ ಪ್ರತಿ ಪದ್ಯವನ್ನೂ ಕೇಳುವುದಿಲ್ಲವಲ್ಲ. ಚೆಂಡೆಯ ಗತಿ ಬದಲಾದಾಗ ತಲೆಯೆತ್ತುತ್ತಾರೆ. ಬ್ಯಾಟಿನ ಸದ್ದು ಕೇಳಿದಾಗ ಇವರೂ ಹಾಗೇ ತಲೆಯೆತ್ತುತ್ತಾರೆ. ಇತ್ತೀಚೆಗೆ ಆಟ ಚುರುಕೂ ಆಗಿದೆ. 2023ರಿಂದ ಪಿಚರ್‌ಗೆ ಗಡಿಯಾರ ಬಂದಿದೆ, ಬೇಸ್‌ಗಳು ಖಾಲಿಯಿದ್ದಾಗ 15 ಸೆಕೆಂಡಿನೊಳಗೆ ಎಸೆಯಬೇಕು. ಮೂರು ಗಂಟೆ ದಾಟುತ್ತಿದ್ದ ಸರಾಸರಿ ಪಂದ್ಯ ಒಂದೇ ವರ್ಷದಲ್ಲಿ 2 ಗಂಟೆ 40 ನಿಮಿಷಕ್ಕೆ ಇಳಿಯಿತು.

ಆದರೂ ಫುಟ್‌ಬಾಲ್ ಮೈದಾನ ಕೊಡುವ ಒಂದು ಅನುಭವವನ್ನು ಮುಚ್ಚಿಟ್ಟರೆ ಅನ್ಯಾಯವಾದೀತು. ಅದು ಸದ್ದು. ಬರೀ ಗದ್ದಲವಲ್ಲ, ಆಟದೊಳಗೆ ಕೈಹಾಕುವ ಸದ್ದು. ತವರು ತಂಡ ದಾಳಿ ಮಾಡುವಾಗ ಜನ ಪಿಸುಮಾತಿಗಿಳಿಯುತ್ತಾರೆ. ಎದುರಾಳಿಯ ಸರದಿ ಬಂದರೆ ಗಂಟಲು ಹರಿಯುವಂತೆ ಕೂಗುತ್ತಾರೆ. ಚೆಂಡು ಯಾವ ಎಣಿಕೆಗೆ ಹೊರಡುತ್ತದೆ ಎಂದು ಕ್ವಾರ್ಟರ್‌ಬ್ಯಾಕ್ ಕೂಗಿ ಹೇಳುವುದು ಅವನ ಪಕ್ಕದವನಿಗೇ ಕೇಳದಂತಾಗುತ್ತದೆ. ಯಾರೋ ಒಬ್ಬ ಒಂದು ಕ್ಷಣ ಮುಂಚೆ ಅಲುಗಿಬಿಡುತ್ತಾನೆ, ಹಳದಿ ಬಾವುಟ ನೆಲಕ್ಕೆ ಬೀಳುತ್ತದೆ, ಐದು ಗಜ ಹಿಂದಕ್ಕೆ. ಆ ಐದು ಗಜವನ್ನು ಗೆದ್ದವರು ಗ್ಯಾಲರಿಯವರು. ಕಾನ್ಸಸ್ ಸಿಟಿಯ ಆರೋಹೆಡ್ ಮೈದಾನದಲ್ಲಿ 2014ರ ಸೆಪ್ಟೆಂಬರ್ 29ರಂದು ದಾಖಲಾದ ಸದ್ದು 142.2 ಡೆಸಿಬೆಲ್. ಅಂಥ ಹೊತ್ತಿನಲ್ಲಿ ಕಾಲಕೆಳಗಿನ ಕಾಂಕ್ರೀಟು ಅದುರುವುದು ಪಾದಕ್ಕೆ ತಿಳಿಯುತ್ತದೆ. ಬೇಸ್‌ಬಾಲ್‌ನ ಯಾವ ಗ್ಯಾಲರಿಗೂ ಆಟದ ಮೇಲೆ ಇಷ್ಟು ಹಿಡಿತವಿಲ್ಲ. ಟಿ.ವಿ. ಈ ಸದ್ದನ್ನು ಹಿಂಡಿ, ಹಿನ್ನೆಲೆಯ ಮರ್ಮರವಾಗಿ ಮಾಡಿ ಕಳುಹಿಸುತ್ತದೆ.

ಫುಟ್‌ಬಾಲ್‌ನಲ್ಲಿ ಗಡಿಯಾರವೂ ಒಂದು ಪಾತ್ರವೇ, ಬೇಸ್‌ಬಾಲ್‌ನಲ್ಲಿ ಅದು ಇಲ್ಲ. ಪಿಚರ್ ಎಷ್ಟು ಬೇಗ ಎಸೆಯಬೇಕೆಂದು ಹೇಳುವ ಗಡಿಯಾರ ಬಂದಿದೆಯೇ ಹೊರತು ಆಟವನ್ನು ಮುಗಿಸುವ ಗಡಿಯಾರ ಬಂದಿಲ್ಲ. ನನಗೆ ಇವೆರಡರಲ್ಲಿ ಅತ್ಯಂತ ಪ್ರಿಯವಾದ ವ್ಯತ್ಯಾಸ ಇದು, ಆದ್ದರಿಂದ ತುಸು ನಿಲ್ಲುತ್ತೇನೆ.

2017ರ ಫೆಬ್ರವರಿ 5ರ ಸೂಪರ್ ಬೌಲ್. ಅಟ್ಲಾಂಟಾ ಫಾಲ್ಕನ್ಸ್ ಮೂರನೆಯ ಕ್ವಾರ್ಟರಿನಲ್ಲಿ 28-3ರಿಂದ ಮುಂದಿದ್ದರು. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಹತ್ತಿಕೊಂಡು ಬಂದು 28-20 ಮಾಡಿದರು. ಐದು ನಿಮಿಷಕ್ಕಿಂತ ಕಡಿಮೆ ಉಳಿದಿದ್ದಾಗ ಅಟ್ಲಾಂಟಾ ಎದುರಾಳಿಯ ಗೋಲು ಗೆರೆಯಿಂದ 22 ಗಜ ದೂರದಲ್ಲಿತ್ತು. ಮೂರು ಸಲ ಚೆಂಡು ಹಿಡಿದು ನೆಲಕ್ಕೆ ಬಿದ್ದಿದ್ದರೂ ಸಾಕಿತ್ತು, ಗಡಿಯಾರ ಕರಗುತ್ತಿತ್ತು. ಆಮೇಲೆ ಒಂದು ಫೀಲ್ಡ್ ಗೋಲ್ ಒದ್ದಿದ್ದರೆ ಮೂರು ಅಂಕ ಸೇರಿ ಪಂದ್ಯ ಬಹುತೇಕ ಕೈಯಲ್ಲಿರುತ್ತಿತ್ತು. ಅವರು ಎಸೆಯಲು ಹೋದರು. ಕ್ವಾರ್ಟರ್‌ಬ್ಯಾಕ್ ಮ್ಯಾಟ್ ರಯಾನ್ ಹನ್ನೆರಡು ಗಜ ಹಿಂದೆ ನೆಲಕ್ಕುರುಳಿದರು, ಮರುಯತ್ನದಲ್ಲಿ ದಂಡನೆಯೂ ಬಿತ್ತು, ಗೋಲಿನ ದೂರ ತಪ್ಪಿಹೋಯಿತು. 57 ಸೆಕೆಂಡು ಉಳಿದಿದ್ದಾಗ ಪಂದ್ಯ ಸಮವಾಯಿತು, ಹೆಚ್ಚುವರಿ ಅವಧಿಯಲ್ಲಿ ಪೇಟ್ರಿಯಟ್ಸ್ 34-28ರಿಂದ ಗೆದ್ದರು. ಅಟ್ಲಾಂಟಾದ ತಪ್ಪು ಒಂದೇ: ಗಡಿಯಾರವನ್ನು ಆಯುಧವಾಗಿ ಬಳಸಲಿಲ್ಲ. ಫುಟ್‌ಬಾಲ್‌ನಲ್ಲಿ ಮುಂದಿರುವವನು ಮೊಣಕಾಲೂರಿ ಸಮಯ ಕಳೆಯಬಹುದು. ಕೊನೆಯ ಎರಡು ನಿಮಿಷದಲ್ಲಿ ಹಿಂದಿರುವವನಿಗೆ ಎದುರಾಳಿಗಿಂತ ದೊಡ್ಡ ಶತ್ರು ಆ ಅಂಕಿಗಳು. ಟಿ.ವಿ.ಯ ಮೂಲೆಯಲ್ಲಿ ಅವು ಇಳಿಯುವುದನ್ನು ನೋಡುವುದೇ ಒಂದು ಯಾತನೆಯ ಸುಖ.

ಬೇಸ್‌ಬಾಲ್‌ನಲ್ಲಿ ಮೊಣಕಾಲೂರುವ ಹಾಗಿಲ್ಲ. ಎಷ್ಟೇ ಮುಂದಿದ್ದರೂ ಕೊನೆಯ ಔಟ್‌ವರೆಗೆ ಎದುರಾಳಿಗೆ ಚೆಂಡು ಎಸೆಯಲೇಬೇಕು. 1986ರ ಅಕ್ಟೋಬರ್ 25ರಂದು ನ್ಯೂಯಾರ್ಕಿನ ಶೇ ಮೈದಾನದಲ್ಲಿ ವಿಶ್ವ ಸರಣಿಯ ಆರನೆಯ ಪಂದ್ಯ. ಬೋಸ್ಟನ್ ರೆಡ್ ಸಾಕ್ಸ್ ಹತ್ತನೆಯ ಇನ್ನಿಂಗ್ಸಿನಲ್ಲಿ 5-3ರಿಂದ ಮುಂದು. ಮೆಟ್ಸ್ ತಂಡದ ಇಬ್ಬರು ಔಟ್, ಬೇಸ್‌ಗಳು ಖಾಲಿ. ಇನ್ನೊಂದು ಔಟ್ ಆದರೆ 1918ರ ನಂತರದ ಮೊದಲ ಪಟ್ಟ. ಒಂದು ಹೊಡೆತ, ಇನ್ನೊಂದು, ಮತ್ತೊಂದು. ನಡುವೆ ಒಂದೇ ಒಂದು ಸ್ಟ್ರೈಕ್ ಬಾಕಿಯಿದ್ದ ಗಳಿಗೆಯೂ ಬಂದು ಹೋಯಿತು. ಕೈತಪ್ಪಿದ ಎಸೆತವೊಂದರಿಂದ 5-5. ಆಮೇಲೆ ನೆಲದಲ್ಲಿ ಉರುಳಿಬಂದ ಚೆಂಡು ಮೊದಲನೆಯ ಬೇಸ್‌ನ ಬಿಲ್ ಬಕ್ನರ್ ಕಾಲುಗಳ ನಡುವೆ ನುಸುಳಿತು, 6-5. ಬೋಸ್ಟನ್ ಏಳನೆಯ ಪಂದ್ಯವನ್ನೂ ಸೋತಿತು. ಚೆಂಡು ನುಸುಳುವ ಮುಂಚೆಯೇ ಪಂದ್ಯ ಸಮವಾಗಿತ್ತು, ಆದರೂ ಎಷ್ಟೋ ವರ್ಷ ಬಕ್ನರ್ ಒಬ್ಬರೇ ಆ ಹೊರೆ ಹೊತ್ತರು. 2008ರಲ್ಲಿ ಬೋಸ್ಟನ್ ಮೈದಾನದಲ್ಲಿ ಋತುವಿನ ಮೊದಲ ಚೆಂಡು ಎಸೆಯಲು ಅವರನ್ನು ಕರೆದಾಗ ಜನರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರು ಕಣ್ಣೊರೆಸಿಕೊಂಡರು. ಬೇಸ್‌ಬಾಲ್‌ನಲ್ಲಿ ಪ್ರತಿ ತಪ್ಪಿಗೂ ಒಂದು ಮುಖ ಇರುತ್ತದೆ, ಏಕೆಂದರೆ ಒಂದು ಕ್ಷಣಕ್ಕೆ ಚೆಂಡಿನ ಎದುರು ಒಬ್ಬನೇ ನಿಂತಿರುತ್ತಾನೆ. ಫುಟ್‌ಬಾಲ್‌ನಲ್ಲಿ ಮುಖಗಳೆಲ್ಲ ಹೆಲ್ಮೆಟ್ಟಿನ ಹಿಂದೆ.

ಹೆಲ್ಮೆಟ್ಟಿನ ಮಾತು ಬಂದ ಮೇಲೆ, ನನ್ನ ಮನಸ್ಸನ್ನು ಚುಚ್ಚುವ ಒಂದು ಸಂಗತಿ ಹೇಳದಿರಲಾರೆ. 2017ರಲ್ಲಿ ಬೋಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ರಾಷ್ಟ್ರೀಯ ಫುಟ್‌ಬಾಲ್ ಲೀಗಿನಲ್ಲಿ ಆಡಿ ತೀರಿಕೊಂಡ 111 ಜನರ ಮಿದುಳನ್ನು ಪರೀಕ್ಷಿಸಿದಾಗ, ಪದೇ ಪದೇ ಪೆಟ್ಟು ಬಿದ್ದು ಬರುವ ಕಾಯಿಲೆ 110 ಮಿದುಳುಗಳಲ್ಲಿ ಕಂಡಿತು. ತೊಂದರೆ ಕಂಡಿದ್ದ ಕುಟುಂಬಗಳೇ ಹೆಚ್ಚಾಗಿ ದಾನ ಮಾಡಿದ್ದವು, ಹಾಗಾಗಿ ಎಲ್ಲ ಆಟಗಾರರಿಗೂ ಈ ಲೆಕ್ಕ ಅನ್ವಯಿಸದು. ಆದರೂ ಆ ಸಂಖ್ಯೆಯನ್ನು ಓದಿದ ಮೇಲೆ ಒಂದು ದೊಡ್ಡ ಡಿಕ್ಕಿಗೆ ಮೊದಲಿನಂತೆ ಎದ್ದು ಕುಣಿಯಲು ನನಗೆ ಆಗಿಲ್ಲ. 2023ರ ಜನವರಿ 2ರಂದು ಸಿನ್ಸಿನಾಟಿಯಲ್ಲಿ ಬಫಲೊ ತಂಡದ ಡಮಾರ್ ಹ್ಯಾಮ್ಲಿನ್ ಹೃದಯ ನಿಂತು ಮೈದಾನದಲ್ಲೇ ಕುಸಿದಾಗ, ಆಟಗಾರರು ಸುತ್ತ ಗೋಡೆಯಂತೆ ನಿಂತು ಅಳುತ್ತಿದ್ದರು. ಪಂದ್ಯ ನಿಂತೇಹೋಯಿತು. ಅವರು ಬದುಕಿದರು, ಮುಂದಿನ ಋತುವಿನಲ್ಲಿ ಆಡಿದರು ಕೂಡ. ಫುಟ್‌ಬಾಲನ್ನು ನಾನು ಈಗಲೂ ನೋಡುತ್ತೇನೆ, ಆದರೆ ಕೂಗು ಕಡಿಮೆಯಾಗಿದೆ. ನೀವು ನೋಡುವಾಗಲೂ ಈ ವಿಷಯ ತಿಳಿದಿರಲಿ ಎಂದು ಬರೆದೆ.

ಇನ್ನು ಜಾಗದ ಮಾತು. ಫುಟ್‌ಬಾಲ್ ಅಂಗಳ ಎಲ್ಲ ಕಡೆಯೂ ಒಂದೇ ಅಳತೆಯದು. ಬೇಸ್‌ಬಾಲ್‌ನಲ್ಲಿ ಬೇಸ್‌ಗಳ ನಡುವಣ 90 ಅಡಿಯಂಥ ಒಳಗಿನ ಅಳತೆಗಳಷ್ಟೇ ಬದಲಾಗವು, ಗೋಡೆಗಳು ಊರೂರಿಗೂ ಬೇರೆ. ಬೋಸ್ಟನ್ನಿನ ಫೆನ್‌ವೇ ಪಾರ್ಕ್‌ನಲ್ಲಿ, ಅದು 1912ರದು, ಎಡಗಡೆ 37 ಅಡಿಯ ಹಸಿರು ಗೋಡೆಯಿದೆ. ನೀವು ಹೋಗಬಹುದಾದ ಸ್ಯಾನ್ ಫ್ರಾನ್ಸಿಸ್ಕೊದ ಓರಕಲ್ ಪಾರ್ಕ್ ಕೊಲ್ಲಿಯ ಅಂಚಿನಲ್ಲೇ ನಿಂತಿದೆ. ನೀರಿನ ಕಡೆಯ ಬಲಗಡೆ ಗೋಡೆ 24 ಅಡಿ ಎತ್ತರ. ಅದು ಇಲ್ಲಿನ ತಂಡದ ಹಿಂದಿನ ಮಹಾನ್ ಆಟಗಾರ ವಿಲ್ಲಿ ಮೇಸ್ ಅವರ ಅಂಗಿಯ ಸಂಖ್ಯೆ. ಆ ಗೋಡೆಯಾಚೆ ನೀರಿನಲ್ಲಿ ಪುಟ್ಟ ದೋಣಿಗಳಲ್ಲಿ ಕುಳಿತ ಜನ ಮೇಲಿಂದ ಬಂದು ಬೀಳುವ ಹೋಮ್ ರನ್ ಚೆಂಡಿಗಾಗಿ ಕಾಯುತ್ತಿರುತ್ತಾರೆ. ಆಟ ಬೇಸರವಾದರೆ ಅದನ್ನೇ ನೋಡುತ್ತಾ ಕೂರಬಹುದು.

ಸ್ಯಾನ್ ಹೋಸೆಯಿಂದ ಕ್ಯಾಲ್‌ಟ್ರೇನ್ ಹಿಡಿದರೆ ಕೊನೆಯ ನಿಲ್ದಾಣದಿಂದ ನಡೆದೇ ಹೋಗಬಹುದು, ಕಾರು ಬೇಡ. ಹಗಲಿನ ಬಿಸಿಲು ನೋಡಿ ಮೋಸಹೋಗದೆ ಇಬ್ಬರೂ ಸ್ವೆಟರ್ ಒಯ್ಯಿರಿ; ಸಂಜೆಯ ಕೊಲ್ಲಿ ಗಾಳಿ ಕೊರೆಯುತ್ತದೆ. ದುಬಾರಿ ಸೀಟು ಬೇಕಾಗಿಲ್ಲ. ಹೋಮ್ ಪ್ಲೇಟಿನ ಹಿಂದೆ, ಮೇಲಿನ ಅಂತಸ್ತಿನಲ್ಲಿ ಕುಳಿತರೆ ಇಡೀ ಅಂಗಳ ರಂಗೋಲಿಯಂತೆ ಕಾಣುತ್ತದೆ. ಕೆಳಗೆ ಅಂಚಿನಲ್ಲಿ ಕುಳಿತರೆ ಬಲೆಯಿಲ್ಲದ ಕಡೆ ಚೆಂಡಿನ ಮೇಲೆ ಕಣ್ಣಿರಬೇಕು.

ಒಂದು ಪೆನ್ಸಿಲ್ ತೆಗೆದುಕೊಂಡು ಹೋಗಿ, ಇದನ್ನು ವಿಶೇಷವಾಗಿ ನಿಮಗೇ ಹೇಳುತ್ತಿದ್ದೇನೆ. ಸ್ಕೋರ್ ಹಾಳೆ ಬರೆಯುತ್ತಾ ಆಟ ನೋಡುವ ಪದ್ಧತಿ ಇಲ್ಲಿ ಇನ್ನೂ ಉಳಿದಿದೆ. ಆ ಲೆಕ್ಕದ ಕ್ರಮವನ್ನು ಕಟ್ಟಿದವರು ಹೆನ್ರಿ ಚ್ಯಾಡ್‌ವಿಕ್, ಇಂಗ್ಲೆಂಡಿನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಕ್ರಿಕೆಟ್ ವರದಿ ಮಾಡುತ್ತಿದ್ದವರು. ಕ್ರಿಕೆಟ್ಟಿನ ಸ್ಕೋರ್ ಪುಸ್ತಕ ನೋಡಿದ ಕಣ್ಣಿನಿಂದಲೇ ಬೇಸ್‌ಬಾಲ್‌ಗೂ ಒಂದು ಲೆಕ್ಕ ಮಾಡಿದರು. ಪ್ರತಿ ಫೀಲ್ಡರ್‌ಗೂ ಒಂದು ಅಂಕಿ: ಪಿಚರ್ 1, ಕ್ಯಾಚರ್ 2, ಹೀಗೆ ಬಲಗಡೆಯ ಔಟ್‌ಫೀಲ್ಡರ್‌ವರೆಗೆ 9. 6-4-3 ಎಂದು ಬರೆದರೆ ಎರಡನೆಯ, ಮೂರನೆಯ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಎತ್ತಿದ, ಎರಡನೆಯ ಬೇಸ್‌ನವನಿಗೆ ಕೊಟ್ಟ, ಅವನು ಮೊದಲನೆಯ ಬೇಸ್‌ಗೆ ಎಸೆದ, ಒಂದೇ ಚೆಂಡಿಗೆ ಇಬ್ಬರು ಔಟ್ ಎಂದರ್ಥ. ಮೂರು ಸ್ಟ್ರೈಕ್‌ಗೆ ಔಟಾದವನಿಗೆ ‘ಕೆ’. ಕೊನೆಯ ಚೆಂಡನ್ನು ಬೀಸದೆ ನೋಡುತ್ತಲೇ ನಿಂತವನಿಗೆ ಅದೇ ಅಕ್ಷರ ತಿರುವುಮುರುವಾಗಿ. ಲೆಡ್ಜರ್ ಬರೆದು ಪಳಗಿದ ನಿಮ್ಮ ಕೈಗೆ ಎರಡು ಇನ್ನಿಂಗ್ಸಿನಲ್ಲಿ ಇದು ಹತ್ತಿಬಿಡುತ್ತದೆ. ಆಮೇಲೆ ಏನೂ ನಡೆಯುತ್ತಿಲ್ಲ ಎಂದು ನಿಮಗೆ ಅನ್ನಿಸುವುದಿಲ್ಲ, ಬರೆಯಲು ಪುರುಸೊತ್ತು ಸಾಲದು ಎನ್ನಿಸುತ್ತದೆ.

ಫುಟ್‌ಬಾಲ್‌ಗೆ ಸೆಪ್ಟೆಂಬರಿನ ಭಾನುವಾರಗಳನ್ನು ಇಟ್ಟುಕೊಳ್ಳಿ. ಕ್ಯಾಲಿಫೋರ್ನಿಯಾದ ಗಡಿಯಾರಕ್ಕೆ ಮೊದಲ ಪಂದ್ಯಗಳು ಬೆಳಿಗ್ಗೆ ಹತ್ತಕ್ಕೇ ಶುರುವಾಗುತ್ತವೆ, ಉಪ್ಪಿಟ್ಟು ಕಾಫಿಯ ಹೊತ್ತು. ಪ್ರತಿ ಯತ್ನಕ್ಕೂ ಮುಂಚೆ ಈಗ ಓಡುತ್ತಾರೋ ಎಸೆಯುತ್ತಾರೋ ಎಂದು ಅಳಿಯನಿಗೆ ನೀವೇ ಹೇಳಿ. ಚೆಂಡನ್ನು ಬಿಟ್ಟು ಮುಂಸಾಲಿನ ಐದು ದಪ್ಪ ಆಳುಗಳನ್ನು ನೋಡಿ. ಅವರು ಮುಂದಕ್ಕೆ ನುಗ್ಗಿದರೆ ಓಟ, ಹಿಂದಕ್ಕೆ ಸರಿದು ಗೋಡೆ ಕಟ್ಟಿದರೆ ಎಸೆತ. ಮರುಪ್ರಸಾರ ಬರುವ ಮುಂಚೆಯೇ ನಿಮ್ಮ ಉತ್ತರ ಸರಿಯಾಯಿತೋ ಇಲ್ಲವೋ ತಿಳಿದುಹೋಗುತ್ತದೆ.